ಯಂತ್ರ ಕೊಟ್ಟರೆ ಸಾಲದು, ಓಡಿಸುವ ಭಾರವನ್ನೂ ಹೊರಬೇಕು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ 2024ರಲ್ಲಿ ಕರೆದಿದ್ದ ಸರ್ವ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



1999ರಲ್ಲಿ ನಮ್ಮ ಸಂಘ ಶುರುವಾದಾಗ ನಮಗೆ ಇಪ್ಪತ್ತು ವರ್ಷ. ಎಸ್.ಎಸ್.ಎಲ್.ಸಿ. ಮುಗಿಸಿ ಹೊಲಕ್ಕಿಳಿದಿದ್ದೆವು. ಮೊದಲ ದಿನ ಹಾಲು ಹಾಕಿದವರಲ್ಲಿ ನಮ್ಮ ತಾಯಿಯೂ ಒಬ್ಬರು. ಇವತ್ತು ಸಂಘಕ್ಕೆ ಇಪ್ಪತ್ತೈದು ತುಂಬಿದೆ. ಇಂಥ ದಿನ ಸಂತೋಷದ ಮಾತು ಆಡಬೇಕು, ನಿಜ. ಆದರೆ ಈ ಸಭೆಯ ಮುಂದೆ ಒಂದು ವಿಷಯ ಇದೆ. ಧರ್ಮಾರ್ಥ ನಿಧಿಯಿಂದ ಒಂದೂವರೆ ಲಕ್ಷ ರೂಪಾಯಿ ತೆಗೆದು ತಾಲ್ಲೂಕು ಆಸ್ಪತ್ರೆಗೆ ಒಂದು ಯಂತ್ರ ಕೊಡಬೇಕು ಅಂತ ಬಹಳ ಸದಸ್ಯರು ಹೇಳಿದ್ದೀರಿ. ಕೊಡೋಣ, ಅದರಲ್ಲಿ ಎರಡು ಮಾತಿಲ್ಲ. ಹೇಗೆ ಕೊಡಬೇಕು ಅನ್ನುವುದರ ಬಗ್ಗೆ ಮಾತ್ರ ನಾವು ನಾಲ್ಕು ಮಾತು ಹೇಳಬೇಕಾಗಿದೆ.

ಯಾಕೆಂದರೆ ಇದು ಎರಡನೇ ಸಲ. ಹಿರಿಯರಿಗೆ ನೆನಪಿರಬಹುದು. 2009ರಲ್ಲಿ ಸಂಘದ ಹತ್ತನೇ ವರ್ಷಕ್ಕೆ ಇದೇ ಆಸ್ಪತ್ರೆಗೆ ಒಂದು ಇಸಿಜಿ ಯಂತ್ರ ಕೊಟ್ಟೆವು. ಹೂವಿನ ಹಾರ ಹಾಕಿ, ಅರಿಸಿನ ಕುಂಕುಮ ಹಚ್ಚಿ, ಟೆಂಪೋದಲ್ಲಿ ತೆಗೆದುಕೊಂಡು ಹೋದೆವು. ಆಗ ನಾವಿನ್ನೂ ನಿರ್ದೇಶಕರಲ್ಲ, ಆದರೆ ಯಂತ್ರ ಎತ್ತಿ ಇಳಿಸಿದವರಲ್ಲಿ ನಾವೂ ಇದ್ದೆವು. ಗೋಡೆಗೆ ಕಲ್ಲಿನ ಫಲಕ ಹಾಕಿಸಿದೆವು. ಅದರಲ್ಲಿ ಅಧ್ಯಕ್ಷರು, ಉಪಾಧ್ಯಕ್ಷರು, ಎಲ್ಲ ನಿರ್ದೇಶಕರ ಹೆಸರು. ಫೋಟೋ ತೆಗೆಸಿಕೊಂಡು ಊಟ ಮಾಡಿ ಬಂದೆವು.

2013ರ ಬೇಸಿಗೆಯಲ್ಲಿ ಒಂದು ರಾತ್ರಿ ನಮ್ಮ ಅಣ್ಣನಿಗೆ ಎದೆ ಹಿಡಿದುಕೊಂಡಿತು. ಮೈಯೆಲ್ಲ ಬೆವರು, ಎಡಗೈ ಸೆಳೆತ. ಆಟೋ ಮಾಡಿಕೊಂಡು ಅರ್ಧ ಗಂಟೆಯಲ್ಲಿ ಅದೇ ಆಸ್ಪತ್ರೆ ಮುಟ್ಟಿದೆವು. ಡಾಕ್ಟರು ಇದ್ದರು, ಸಿಸ್ಟರೂ ಇದ್ದರು. ನಮ್ಮ ಯಂತ್ರವೂ ಮೂಲೆಯಲ್ಲಿ ಬಟ್ಟೆ ಹೊದ್ದುಕೊಂಡು ಇತ್ತು. ನಾವೇ ಕೈ ತೋರಿಸಿ, "ಸಿಸ್ಟರ್, ಇಸಿಜಿ ಮಿಷನ್ ಐತಲ್ಲ, ನಾವೇ ಕೊಟ್ಟಿದ್ದು" ಅಂದೆವು. ಆಯಮ್ಮ ಬಟ್ಟೆ ತೆಗೆದು ತೋರಿಸಿದರು. ಮೈಗೆ ಹಚ್ಚುವ ಹತ್ತು ವೈರುಗಳಲ್ಲಿ ಮೂರು ಕಿತ್ತುಹೋಗಿದ್ದವು. "ಎಂಟು ತಿಂಗಳಾಯ್ತಣ್ಣ, ವೈರು ಬಂದಿಲ್ಲ" ಅಂದರು.

ಹೃದಯಾಘಾತ ಆದಾಗ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ ಇದೆ. ಎಷ್ಟು ಬೇಗ ಕೊಟ್ಟರೆ ಅಷ್ಟು ಹೃದಯ ಉಳಿಯುತ್ತದೆ. ಆದರೆ ಇಸಿಜಿ ನೋಡದೆ ಅದನ್ನು ಕೊಡುವ ಹಾಗಿಲ್ಲ. ಡಾಕ್ಟರು ಜಿಲ್ಲಾ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿಗೆ ಹೋಗುವುದರಲ್ಲಿ ಮತ್ತೆ ಎರಡು ಗಂಟೆ ಕಳೆಯಿತು. ಅಣ್ಣ ಬದುಕಿದ, ದೇವರು ದೊಡ್ಡವನು. ಆದರೆ ಹೃದಯದ ಒಂದು ಭಾಗ ಕೆಲಸ ಬಿಟ್ಟಿತು. ಅವತ್ತಿನಿಂದ ಅವನು ನೇಗಿಲು ಹಿಡಿದಿಲ್ಲ, ಒಂದು ಹೊರೆ ಹುಲ್ಲು ಹೊತ್ತಿಲ್ಲ. ಹಿಂದಿನ ಸಾಲಿನಲ್ಲಿ ಕೂತು ನಮ್ಮ ಮಾತು ಕೇಳುತ್ತಿದ್ದಾನೆ.

ಆಮೇಲೆ ವಿಚಾರಿಸಿದೆವು. ಆ ವೈರಿನ ಬೆಲೆ ಎರಡು ಮೂರು ಸಾವಿರ ರೂಪಾಯಿ. ಆಸ್ಪತ್ರೆಯವರನ್ನು ಬೈಯುವುದು ಸುಲಭ. ನಾವೂ ಬೈದೆವು. ಆದರೆ ಮನೆಗೆ ಬಂದು ಕೂತು ಯೋಚನೆ ಮಾಡಿದಾಗ ತಪ್ಪು ನಮ್ಮದೂ ಅಂತ ಗೊತ್ತಾಯಿತು. ಯಂತ್ರ ಕೊಡುವಾಗ ವಾರಂಟಿ ಎಷ್ಟು ವರ್ಷ ಅಂತ ಕೇಳಲಿಲ್ಲ. ಅದು ಮುಗಿದ ಮೇಲೆ ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಲಿಲ್ಲ. ಆಸ್ಪತ್ರೆಯ ದಾಸ್ತಾನು ಪುಸ್ತಕದಲ್ಲಿ ನಮ್ಮ ಯಂತ್ರವನ್ನು ಬರೆದುಕೊಂಡೇ ಇರಲಿಲ್ಲ. ಪುಸ್ತಕದಲ್ಲಿ ಇಲ್ಲದ ಯಂತ್ರಕ್ಕೆ ಯಾರು ದುಡ್ಡು ಖರ್ಚು ಹಾಕುತ್ತಾರೆ? ನಾವು ಬಡವನಿಗೆ ಹಸು ದಾನ ಕೊಟ್ಟು, ಹುಲ್ಲು ಎಲ್ಲಿದೆ, ಕೊಟ್ಟಿಗೆ ಎಲ್ಲಿದೆ ಅಂತ ಕೇಳದೆ ಬಂದ ಹಾಗೆ ಆಯಿತು.

ಬಂಧುಗಳೇ, ನಮಗೆ ಇದು ಅರ್ಥವಾಗದ ವಿಷಯ ಅಲ್ಲ. ನಮ್ಮ ಸಂಘದ ಬಲ್ಕ್ ಕೂಲರ್ ನೆನಪು ಮಾಡಿಕೊಳ್ಳಿ. ತಂದ ಮೊದಲಲ್ಲಿ ವಾರಂಟಿ ಇತ್ತು, ಚಿಂತೆ ಇರಲಿಲ್ಲ. ಅದು ಮುಗಿದ ಮೇಲೆ ಎ.ಎಂ.ಸಿ. ಮಾಡಿಸಿದೆವು. ಒಂದು ರಾತ್ರಿ ಕಂಪ್ರೆಸರ್ ನಿಂತುಹೋಯಿತು. ನಾಲ್ಕು ಡಿಗ್ರಿಯಲ್ಲಿ ಇರಬೇಕಾದ ಹಾಲು ಬೆಳಗಾಗುವುದರಲ್ಲಿ ಹುಳಿಯಾಗಿ ಹೋಯಿತು. ಮೆಕ್ಯಾನಿಕ್ ಬಂದ, ನೋಡಿದ, ಬಿಲ್ಲು ಕೊಟ್ಟ. "ಎ.ಎಂ.ಸಿ. ಐತಲ್ಲಪ್ಪ, ಮತ್ತೆ ಬಿಲ್ ಯಾಕೆ?" ಅಂದೆವು. "ಸಾರ್, ಅದು ಬಂದು ನೋಡೋದಕ್ಕೆ, ರಿಪೇರಿ ಕೂಲಿಗೆ. ಸಾಮಾನು ನಿಮ್ದು" ಅಂದ. ಅವತ್ತು ನಮಗೆ ಬುದ್ಧಿ ಬಂತು.

ಅಂದರೆ ಕರಾರಿನಲ್ಲಿ ಎರಡು ಜಾತಿ ಇದೆ. ಸಾಮಾನ್ಯವಾಗಿ ಎ.ಎಂ.ಸಿ. ಅಂದರೆ ವರ್ಷಕ್ಕೆ ಇಷ್ಟು ಸಲ ಬಂದು ನೋಡುವುದು, ಕೆಟ್ಟರೆ ಕೂಲಿ ಕೇಳದೆ ರಿಪೇರಿ ಮಾಡುವುದು. ಬಿಡಿಭಾಗದ ಖರ್ಚು ನಮ್ಮದು. ಸಿ.ಎಂ.ಸಿ. ಅಂದರೆ ಬಿಡಿಭಾಗವೂ ಸೇರಿ ಪೂರ್ತಿ ಹೊಣೆ ಅವರದು. ದುಡ್ಡು ಜಾಸ್ತಿ ಆಗುತ್ತದೆ. ಆಸ್ಪತ್ರೆಯ ಯಂತ್ರಗಳಿಗೂ ಇದೇ ಲೆಕ್ಕ. ಆದರೆ ಸಿ.ಎಂ.ಸಿ.ಯಲ್ಲೂ ಕೆಲವು ಸಾಮಾನು ಹೊರಗೆ ಬಿಟ್ಟಿರುತ್ತಾರೆ. ಇಸಿಜಿಯ ಪೇಪರ್ ರೋಲು, ಮೈಗೆ ಹಚ್ಚುವ ಜೆಲ್ಲಿ, ಎಕ್ಸ್‌ರೇ ಫಿಲ್ಮು, ರಕ್ತಪರೀಕ್ಷೆಯ ದ್ರಾವಣ, ಇವು ಖರ್ಚಾಗಿ ಹೋಗುವ ಸಾಮಾನು. ವೈರು, ಬ್ಯಾಟರಿ ಒಳಗೋ ಹೊರಗೋ ಅಂತ ಕರಾರು ಓದಿಯೇ ತಿಳಿಯಬೇಕು. ನಮ್ಮ ಅಣ್ಣನ ಹೃದಯ ಹಾಳಾದದ್ದು ಒಂದು ವೈರಿನಿಂದ. ಆದ್ದರಿಂದ ಸಣ್ಣ ಅಕ್ಷರವನ್ನು ಕನ್ನಡಕ ಹಾಕಿಕೊಂಡು ಓದಬೇಕು.

ಸರ್ಕಾರ ಸುಮ್ಮನೆ ಕೂತಿಲ್ಲ, ಅದನ್ನೂ ಹೇಳಬೇಕು. 2015ರಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಡಿಯಲ್ಲಿ ಕೇಂದ್ರ ಸರ್ಕಾರ ಆಸ್ಪತ್ರೆ ಉಪಕರಣಗಳ ನಿರ್ವಹಣೆಗೆ ಅಂತಲೇ ಒಂದು ಕಾರ್ಯಕ್ರಮ ತಂದಿತು. ಅದಕ್ಕಾಗಿ ದೇಶದಲ್ಲಿ ಇರುವ ಯಂತ್ರಗಳನ್ನು ಎಣಿಸಿದರು. 29,115 ಸರ್ಕಾರಿ ಆಸ್ಪತ್ರೆ, ಆರೋಗ್ಯ ಕೇಂದ್ರಗಳಲ್ಲಿ 7,56,750 ಉಪಕರಣ ಸಿಕ್ಕಿದವು. ಅವುಗಳ ಬೆಲೆ ಸುಮಾರು 4,564 ಕೋಟಿ ರೂಪಾಯಿ. ಅದರಲ್ಲಿ ಕೆಲಸ ಮಾಡದೆ ಬಿದ್ದಿದ್ದವು ಎಷ್ಟು ಗೊತ್ತೇ? ರಾಜ್ಯದಿಂದ ರಾಜ್ಯಕ್ಕೆ ನೂರಕ್ಕೆ 34ರಿಂದ 60. ನಮ್ಮ ಒಂದು ಯಂತ್ರ ಬಟ್ಟೆ ಹೊದ್ದುಕೊಂಡಿದೆ ಅಂದುಕೊಂಡಿದ್ದೆವು. ದೇಶದ ತುಂಬ ಹೊದ್ದುಕೊಂಡು ಮಲಗಿದ್ದವು.

ಆ ಕಾರ್ಯಕ್ರಮದ ಉಪಾಯ ಸರಳ. ಒಂದೊಂದು ಯಂತ್ರಕ್ಕೆ ಒಂದೊಂದು ಕಂಪನಿಯ ಹಿಂದೆ ಅಲೆಯುವುದು ಬೇಡ. ರಾಜ್ಯ ಸರ್ಕಾರ ಟೆಂಡರ್ ಕರೆದು, ಎಲ್ಲ ಆಸ್ಪತ್ರೆಯ ಎಲ್ಲ ಯಂತ್ರಗಳ ಹೊಣೆಯನ್ನು ಒಂದು ಏಜೆನ್ಸಿಗೆ ಕೊಡುತ್ತದೆ. ಪ್ರತಿ ಯಂತ್ರಕ್ಕೂ ಒಂದು ನಂಬರ್ ಚೀಟಿ. ಕೆಟ್ಟರೆ ಫೋನ್ ಮಾಡಿ ದೂರು ಬರೆಸಬೇಕು. ಯಂತ್ರಗಳ ಬೆಲೆಯಲ್ಲಿ ನೂರಕ್ಕೆ ಇಷ್ಟು ಅಂತ ಏಜೆನ್ಸಿಗೆ ವರ್ಷದ ಹಣ. ಅದಕ್ಕೆ ಬದಲಾಗಿ ಜಿಲ್ಲಾ ಆಸ್ಪತ್ರೆಯ ಯಂತ್ರ ನೂರಕ್ಕೆ 95 ಭಾಗ ಕಾಲ, ಸಮುದಾಯ ಆರೋಗ್ಯ ಕೇಂದ್ರದ್ದು 90 ಭಾಗ, ಪ್ರಾಥಮಿಕ ಆರೋಗ್ಯ ಕೇಂದ್ರದ್ದು 80 ಭಾಗ ಕಾಲ ಓಡಬೇಕು. ಓಡದಿದ್ದರೆ ದಂಡ.

ನಾವು ರೈತರು, ಲೆಕ್ಕವನ್ನು ದಿನದಲ್ಲಿ ಹಾಕೋಣ. ನೂರಕ್ಕೆ 95 ಅಂದರೆ ವರ್ಷದಲ್ಲಿ 18 ದಿನ ನಿಂತಿದ್ದರೂ ಕರಾರಿನ ಪ್ರಕಾರ ಸರಿ. 90 ಅಂದರೆ 36 ದಿನ. 80 ಅಂದರೆ 73 ದಿನ! ಎದೆನೋವು ಪಂಚಾಂಗ ನೋಡಿಕೊಂಡು ಬರುವುದಿಲ್ಲ. ಅದು ಆ 73 ದಿನದಲ್ಲೇ ಬರಬಹುದು. ಆದ್ದರಿಂದ ಜೀವಕ್ಕೆ ಬೇಕಾದ ಯಂತ್ರ ಒಂದಿದ್ದರೆ ಸಾಲದು, ಅದು ಕೆಟ್ಟಾಗ ಎತ್ತಿ ಇಡಲು ಇನ್ನೊಂದು ಬೇಕು.

ಇನ್ನೊಂದು ಸೂಕ್ಷ್ಮ ಇದೆ. ಇಂಥ ಕರಾರಿನಲ್ಲಿ ಯಂತ್ರ ಕೆಟ್ಟ ಕಾಲ ಶುರುವಾಗುವುದು ದೂರು ಬರೆಸಿದ ಗಳಿಗೆಯಿಂದ. ದೂರು ಬರೆಸದೆ ಮೂಲೆಗೆ ತಳ್ಳಿದ ಯಂತ್ರ ಕಾಗದದ ಮೇಲೆ ಓಡುತ್ತಲೇ ಇರುತ್ತದೆ. ಆಸ್ಪತ್ರೆಯಲ್ಲಿ ನಿಂತಿದೆ, ಲೆಕ್ಕದಲ್ಲಿ ನಡೆಯುತ್ತಿದೆ. ಸಿಬ್ಬಂದಿಗೆ ನೂರು ಕೆಲಸ, ಇದ್ದವರು ವರ್ಗವಾಗಿ ಹೋಗುತ್ತಾರೆ, ಹೊಸಬರಿಗೆ ಹಳೆಯ ಯಂತ್ರದ ಕಥೆ ಗೊತ್ತಿರುವುದಿಲ್ಲ. ಎಷ್ಟು ದೊಡ್ಡ ಕರಾರು ಇದ್ದರೂ, "ಇದು ಕೆಟ್ಟಿದೆ" ಅಂತ ಹೇಳುವ ಒಂದು ಬಾಯಿ ಇಲ್ಲದಿದ್ದರೆ ಕರಾರು ಕಾಗದವೇ.

ಇನ್ನೂ ಒಂದು ಪದ್ಧತಿ ಇದೆ. ಅದರಲ್ಲಿ ಆಸ್ಪತ್ರೆ ಯಂತ್ರವನ್ನು ಕೊಳ್ಳುವುದೇ ಇಲ್ಲ. ಯಂತ್ರ ಕಂಪನಿಯದು, ಜಾಗ ಆಸ್ಪತ್ರೆಯದು, ಬಳಸಿದ್ದಕ್ಕೆ ಹಣ. 2016–17ರ ಕೇಂದ್ರ ಬಜೆಟ್ಟಿನಲ್ಲಿ ಹೇಳಿದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಇದೇ ದಾರಿಯದು. ಡಯಾಲಿಸಿಸ್ ಯಂತ್ರ, ನೀರು ಶುದ್ಧ ಮಾಡುವ ಘಟಕ, ಕೆಲಸದವರು ಖಾಸಗಿಯವರದು. ಜಾಗ, ಕರೆಂಟು, ನೀರು ಸರ್ಕಾರದ್ದು. ಬಡ ರೋಗಿಗಳ ಡಯಾಲಿಸಿಸ್ ಖರ್ಚನ್ನು ಸರ್ಕಾರ ಕೊಡುತ್ತದೆ. ಇದರಲ್ಲಿ ಒಳ್ಳೆಯದೇನೆಂದರೆ ಯಂತ್ರ ನಿಂತರೆ ಅವರಿಗೂ ಸಂಪಾದನೆ ನಿಲ್ಲುತ್ತದೆ, ಓಡಿಸುವ ಗರಜು ಅವರಿಗೇ ಇರುತ್ತದೆ.

ಆದರೆ ಬಳಸಿದರೂ ಬಿಟ್ಟರೂ ಇಷ್ಟು ಅಂತ ಬಾಡಿಗೆ ಕಟ್ಟುವ ಕರಾರು ಮಾಡಿಕೊಂಡರೆ ಕಥೆ ಬೇರೆ. ಜಿಲ್ಲೆಯ ಒಬ್ಬ ಬಯೋಮೆಡಿಕಲ್ ಎಂಜಿನಿಯರು ನಮಗೆ ಆಫ್ರಿಕಾದ ಕೀನ್ಯಾ ದೇಶದ ಉದಾಹರಣೆ ಹೇಳಿದರು. ಅಲ್ಲಿ 2015ರಲ್ಲಿ ಸರ್ಕಾರ ದೊಡ್ಡ ದೊಡ್ಡ ಕಂಪನಿಗಳ ಜೊತೆ ಏಳು ವರ್ಷದ ಕರಾರು ಮಾಡಿಕೊಂಡು, 98 ಆಸ್ಪತ್ರೆಗಳಿಗೆ ಎಕ್ಸ್‌ರೇ, ಡಯಾಲಿಸಿಸ್, ಆಪರೇಷನ್ ಥಿಯೇಟರ್, ಐಸಿಯು ಉಪಕರಣ ಎಲ್ಲ ಬಾಡಿಗೆಗೆ ತರಿಸಿತು. ನಿರ್ವಹಣೆ, ತರಬೇತಿ ಎಲ್ಲ ಕರಾರಿನ ಒಳಗೇ. ಉದ್ದೇಶ ಒಳ್ಳೆಯದು, ಎಷ್ಟೋ ಊರಿಗೆ ಮೊದಲ ಸಲ ಡಯಾಲಿಸಿಸ್ ಬಂತು. ಆದರೆ ಕೆಲವು ಆಸ್ಪತ್ರೆಯಲ್ಲಿ ಯಂತ್ರ ಇದೆ, ನಡೆಸುವ ತಜ್ಞರಿಲ್ಲ. ಕೆಲವು ಕಡೆ ಸಾಕಷ್ಟು ಕರೆಂಟಿಲ್ಲ, ನೀರಿಲ್ಲ. ಪೆಟ್ಟಿಗೆಯೊಳಗೆ ಇದ್ದ ಯಂತ್ರಕ್ಕೂ ಬಾಡಿಗೆ ಓಡಿತು. 2020ರಲ್ಲಿ ಆ ದೇಶದ ಸೆನೆಟ್ ಸಮಿತಿ ಈ ಕರಾರನ್ನು ಬಹಳ ಕಟುವಾಗಿ ಟೀಕಿಸಿ ವರದಿ ಕೊಟ್ಟಿತು. ಇದರಿಂದ ನಾವು ಕಲಿಯುವುದೇನು? ರಿಪೇರಿ ಕರಾರು ಎಷ್ಟೇ ಗಟ್ಟಿ ಇರಲಿ, ಯಾವ ಆಸ್ಪತ್ರೆಗೆ ಏನು ಬೇಕು ಅಂತ ಆ ಆಸ್ಪತ್ರೆಯವರನ್ನು ಮೊದಲು ಕೇಳಬೇಕು.

ಅದಕ್ಕೇ ನಾವು ಹೋದ ತಿಂಗಳು ಆಸ್ಪತ್ರೆಗೆ ಹೋಗಿ ಕೇಳಿಕೊಂಡು ಬಂದೆವು. ನಮ್ಮಲ್ಲಿ ಬಹಳ ಜನ ಸ್ಕ್ಯಾನಿಂಗ್ ಮಿಷನ್ ಕೊಡೋಣ ಅಂದಿದ್ದೀರಿ. ಡಾಕ್ಟರು ನಕ್ಕರು. "ಸ್ವಾಮಿ, ಸ್ಕ್ಯಾನಿಂಗ್ ಮಿಷನ್ ಸುಮ್ಮನೆ ತಂದಿಡೋ ಹಾಗಿಲ್ಲ. ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ ಪ್ರಕಾರ ನೋಂದಣಿ ಆಗ್ಬೇಕು, ಅರ್ಹತೆ ಇರೋ ಡಾಕ್ಟರೇ ನೋಡ್ಬೇಕು. ನಮ್ಮಲ್ಲಿ ಈಗ ಆ ಪೋಸ್ಟು ಖಾಲಿ. ನೀವು ಕೊಟ್ರೆ ಬೀಗ ಹಾಕಿಡಬೇಕು ಅಷ್ಟೇ" ಅಂದರು. ಮತ್ತೆ ಏನು ಬೇಕು ಅಂತ ಕೇಳಿದೆವು. "ಇಸಿಜಿ ಒಂದೇ ಇದೆ. ಅದು ಕೆಟ್ಟ ದಿನ ನಮ್ಮ ಕೈ ಕಟ್ಟಿದ ಹಾಗೆ. ಇನ್ನೊಂದು ಕೊಡಿ, ಜೊತೆಗೆ ಎರಡು ಸೆಟ್ ವೈರು ಕೊಡಿ" ಅಂದರು. ನಮಗೆ ಗಂಟಲು ಕಟ್ಟಿತು.

ಈಗ ಇಸಿಜಿಯ ಬೆಲೆ ಇನ್ನೂ ಹೆಚ್ಚಾಗಿದೆ. 2023ರಲ್ಲಿ ರಾಜ್ಯ ಸರ್ಕಾರ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಅಂತ ಘೋಷಣೆ ಮಾಡಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಹೃದ್ರೋಗ ಆಸ್ಪತ್ರೆಯ ತಜ್ಞರಿಗೆ ಕಳುಹಿಸಿ, ಹೃದಯಾಘಾತ ಅಂತ ಖಚಿತವಾದರೆ ದುಬಾರಿ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುವುದು ಅದರ ಉದ್ದೇಶ. ಎಷ್ಟು ಒಳ್ಳೆಯ ಕೆಲಸ! ಆದರೆ ಇಷ್ಟೆಲ್ಲ ಏರ್ಪಾಟೂ ನಿಂತಿರುವುದು ಹತ್ತು ವೈರುಗಳ ಮೇಲೆ.

ಈಗ ನಮ್ಮ ಸಲಹೆ ಹೇಳುತ್ತೇವೆ. ಒಂದೂವರೆ ಲಕ್ಷವನ್ನು ಪೂರ್ತಿ ಯಂತ್ರಕ್ಕೇ ಸುರಿಯುವುದು ಬೇಡ. ನಾವು ತಂದ ದರಪಟ್ಟಿಯ ಪ್ರಕಾರ ಮೂರು ವರ್ಷ ವಾರಂಟಿಯ ಇಸಿಜಿ ಯಂತ್ರ, ಎರಡು ಸೆಟ್ ವೈರು ಸೇರಿ 70,000 ರೂಪಾಯಿ. ವಾರಂಟಿ ಮುಗಿದ ಮೇಲೆ ಐದು ವರ್ಷದ ಸಿ.ಎಂ.ಸಿ.ಗೆ ವರ್ಷಕ್ಕೆ ನೂರಕ್ಕೆ ಆರರಂತೆ 4,200, ಒಟ್ಟು 21,000. ಇದನ್ನು ಕೊಳ್ಳುವ ದಿನವೇ ಬರೆಸಿಕೊಳ್ಳಬೇಕು. ಕೊಳ್ಳುವ ಮುಂಚೆ ವ್ಯಾಪಾರಿ ನಮ್ಮ ಮಾತು ಕೇಳುತ್ತಾನೆ, ಕೊಂಡ ಮೇಲೆ ನಾವು ಅವನ ಮಾತು ಕೇಳಬೇಕು. ಕರೆಂಟು ಏರಿಳಿದು ಯಂತ್ರ ಸುಡದ ಹಾಗೆ ಯುಪಿಎಸ್, ಅರ್ತಿಂಗ್ ಸರಿಪಡಿಸಲು 9,000. ಉಳಿದ 50,000 ರೂಪಾಯಿಯನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು, ಅದರ ಬಡ್ಡಿಯಲ್ಲಿ ಪೇಪರ್ ರೋಲು, ಜೆಲ್ಲಿ, ವೈರು ಕೊಡಿಸುವುದು. ಅಲ್ಲಿಗೆ ಒಂದೂವರೆ ಲಕ್ಷ ಸರಿಹೋಯಿತು.

ಇದರ ಜೊತೆ ನಾಲ್ಕು ಷರತ್ತು. ಒಂದು, ಯಂತ್ರ ಇಳಿಸಿದ ದಿನವೇ ದಾಸ್ತಾನು ಪುಸ್ತಕದಲ್ಲಿ ಬರೆಸಿ, ನಂಬರ್ ಚೀಟಿ ಅಂಟಿಸಿ, ಜಿಲ್ಲೆಯ ನಿರ್ವಹಣಾ ಪಟ್ಟಿಗೆ ಸೇರಿಸಿದ್ದಕ್ಕೆ ಕಾಗದ ಪಡೆಯುವುದು. ಸಿ.ಎಂ.ಸಿ. ಮುಗಿದ ಮೇಲೆ ನಮ್ಮ ಯಂತ್ರ ಮತ್ತೆ ಅನಾಥ ಆಗಬಾರದು. ಎರಡು, ಕನಿಷ್ಠ ಇಬ್ಬರು ಸಿಬ್ಬಂದಿಗೆ ಕಂಪನಿಯವರಿಂದ ತರಬೇತಿ. ಒಬ್ಬರು ವರ್ಗವಾದರೆ ಇನ್ನೊಬ್ಬರು ಇರಲಿ. ಮೂರು, ಯಂತ್ರದ ಪಕ್ಕ ಒಂದು ಪುಸ್ತಕ. ಕೆಟ್ಟ ದಿನ, ದೂರು ಕೊಟ್ಟ ದಿನ, ದೂರಿನ ನಂಬರ್, ಸರಿಯಾದ ದಿನ ಅದರಲ್ಲಿ ಬರೆಯಬೇಕು. ನಾಲ್ಕು, ಪ್ರತಿ ತಿಂಗಳ ಮೊದಲ ಸೋಮವಾರ ಸಂಘದ ಒಬ್ಬ ನಿರ್ದೇಶಕರು ಸರದಿಯಂತೆ ಆಸ್ಪತ್ರೆಗೆ ಹೋಗಿ, ಯಂತ್ರ ಓಡುತ್ತಿದೆಯೇ ನೋಡಿ ಪುಸ್ತಕಕ್ಕೆ ಸಹಿ ಹಾಕಿ ಬರುವುದು. ಅಧಿಕಾರ ಚಲಾಯಿಸುವುದಕ್ಕೆ ಅಲ್ಲ, ಅಲ್ಲಿನವರ ಕೆಲಸಕ್ಕೆ ಅಡ್ಡಿ ಮಾಡುವುದಕ್ಕೂ ಅಲ್ಲ. ನಾವು ಕೊಟ್ಟ ಹಸು ಹೇಗಿದೆ ಅಂತ ನೋಡಿಕೊಂಡು ಬರುವುದಕ್ಕೆ. ಡಾಕ್ಟರು ಇದಕ್ಕೆ ಒಪ್ಪಿದ್ದಾರೆ, ಆರೋಗ್ಯ ರಕ್ಷಾ ಸಮಿತಿಯ ಮುಂದೆ ಇಡುತ್ತೇವೆ ಅಂದಿದ್ದಾರೆ.

ದಾನದ ಎಮ್ಮೆಯ ಹಲ್ಲು ಎಣಿಸಬಾರದು ಅಂತ ಗಾದೆ. ಆಸ್ಪತ್ರೆಗೆ ಕೊಡುವ ದಾನಕ್ಕೆ ಈ ಗಾದೆ ಬೇಡ. ಅವರು ಹಲ್ಲು ಎಣಿಸಲಿ, ಬೇಡದ್ದನ್ನು ಬೇಡ ಅನ್ನಲಿ. ನಾವೂ ಕೊಟ್ಟು ಮರೆಯುವುದು ಬೇಡ.

ದಿನಾ ಬೆಳಗ್ಗೆ ಪರೀಕ್ಷಕರು ಹಾಲು ಅಳೆಯುವ ಮುಂಚೆ ಮಿಲ್ಕೋ ಟೆಸ್ಟರ್ ಸರಿ ಇದೆಯಾ ಅಂತ ನೋಡುತ್ತಾರೆ. ಪಾಯಿಂಟ್ ಒಂದು ಫ್ಯಾಟ್ ಕಡಿಮೆ ತೋರಿಸಿದರೆ ನಾವು ಜಗಳಕ್ಕೆ ನಿಲ್ಲುತ್ತೇವೆ, ತಪ್ಪಲ್ಲ, ನಮ್ಮ ಬೆವರಿನ ಲೆಕ್ಕ ಅದು. ಲೀಟರಿಗೆ ಒಂದೆರಡು ರೂಪಾಯಿಗೆ ಇಷ್ಟು ಕಣ್ಣಿಟ್ಟು ಕಾಯುವ ನಾವು, ಜೀವ ಅಳೆಯುವ ಯಂತ್ರದ ಕಡೆ ತಿಂಗಳಿಗೆ ಒಂದು ಸಲ ಕಣ್ಣು ಹಾಯಿಸಲಾರೆವೆ?

ಕೊನೆಯದಾಗಿ ಫಲಕದ ಮಾತು. ಈ ಸಲವೂ ಕಲ್ಲು ಬೇಕೇ ಅಂತ ಕಾರ್ಯದರ್ಶಿಗಳು ಕೇಳಿದರು. 2009ರ ಕಲ್ಲು ಇನ್ನೂ ಗೋಡೆಯಲ್ಲಿ ಗಟ್ಟಿಯಾಗಿದೆ, ಒಂದು ಅಕ್ಷರ ಅಳಿಸಿಲ್ಲ. ಯಂತ್ರ ಮಾತ್ರ ಎಂದೋ ಗುಜರಿಗೆ ಹೋಯಿತು. ಈ ಸಲ ನಮ್ಮ ಹೆಸರು ಬೇಡ. ಯಂತ್ರದ ಮೇಲೆ ಒಂದು ಚಿಕ್ಕ ಚೀಟಿ ಅಂಟಿಸೋಣ. ದೂರು ಕೊಡುವ ಫೋನ್ ನಂಬರ್, ಹಿಂದಿನ ಸರ್ವೀಸ್ ಆದ ದಿನ, ಮುಂದಿನ ಸರ್ವೀಸ್ ದಿನ. ಅಷ್ಟು ಸಾಕು. ರಾತ್ರಿ ಹೊತ್ತು ಎದೆ ಹಿಡಿದುಕೊಂಡು ಬಂದವನಿಗೆ ದಾನಿಗಳ ಹೆಸರಿನಿಂದ ಏನೂ ಆಗಬೇಕಾದ್ದಿಲ್ಲ.

ಈ ಸಲಹೆಯನ್ನು ಸಭೆ ಒಪ್ಪಿ ಠರಾವು ಮಾಡಬೇಕು ಅಂತ ಕೈಮುಗಿದು ಕೇಳುತ್ತೇವೆ. ಮೊದಲ ಸೋಮವಾರದ ಸರದಿ ನಮ್ಮದೇ ಇರಲಿ. ಅಣ್ಣನೂ ಜೊತೆಗೆ ಬರುತ್ತೇನೆ ಅಂದಿದ್ದಾನೆ.